ಓಣಿಯ ಫ್ರೆಂಚ್ ರೆಸ್ಟೋರೆಂಟ್‌ನಲ್ಲಿ ಸಸ್ಯಾಹಾರಿಗಳ ಊಟ: ಎರಡು ದಿನ ಮೊದಲೇ ಫೋನ್ ಮಾಡಿ

ಪ್ರಶ್ನೆ: ನಾನು ಬೆಳಗಾವಿಯ ವಡಗಾಂವಿಯವನು, ನಿವೃತ್ತ ಮಾಸ್ತರ. ಮಗ-ಸೊಸೆ ಫ್ರಾನ್ಸಿನ ಲಿಯಾನ್‌ನಲ್ಲಿ, ಕ್ರುವಾ-ರೂಸ್ ಎಂಬ ಭಾಗದಲ್ಲಿದ್ದಾರೆ. ಆಗಸ್ಟ್‌ನಲ್ಲಿ ನಾವಿಬ್ಬರೂ ಅಲ್ಲಿಗೆ ಹೊರಟಿದ್ದೇವೆ. ಅವರ ಓಣಿಯಲ್ಲೇ ಒಂದು ಸಣ್ಣ ಫ್ರೆಂಚ್ ರೆಸ್ಟೋರೆಂಟ್ ಇದೆಯಂತೆ. ಮೂರನೇ ವಾರ ನಮ್ಮನ್ನು ಅಲ್ಲಿಗೆ ರಾತ್ರಿ ಊಟಕ್ಕೆ ಕರೆದೊಯ್ಯಬೇಕೆಂದು ಮಗನ ಆಸೆ. ನಾವು ಮಾಂಸ, ಮೀನು ತಿನ್ನುವವರಲ್ಲ. ನನಗೆ ತತ್ತಿ ನಡೆಯುತ್ತದೆ, ನನ್ನ ಹೆಂಡತಿ ಅದನ್ನೂ ಮುಟ್ಟುವುದಿಲ್ಲ. ಶ್ರಾವಣ ಸೋಮವಾರ ಅವಳದು ಒಪ್ಪತ್ತು ಬೇರೆ. ನಮಗೆ ಅಲ್ಲಿ ಊಟ ಸಿಗುತ್ತದೆಯೇ? ರೊಟ್ಟಿ-ಚಟ್ನಿ ಡಬ್ಬಿ ಕಟ್ಟಿಕೊಂಡು ಹೋಗಲೇ? ಮಾಲೀಕರಿಗೆ ಕುಂದಾ ಒಯ್ಯಬೇಕೆಂದಿದ್ದೇವೆ, ನಡೆಯುತ್ತದೆಯೇ? ಹೇಗೆ ನಡೆದುಕೊಳ್ಳಬೇಕು, ಖರ್ಚು ಎಷ್ಟು ಬರುತ್ತದೆ?

ಉತ್ತರ: ಮಾಸ್ತರರೇ, ಊಟದ ಮಾತಿಗೆ ಮೊದಲು ಒಂದು ವಿಷಯ ಖಾತ್ರಿ ಮಾಡಿಕೊಳ್ಳಿ. ಆ ರೆಸ್ಟೋರೆಂಟ್ ಆಗಸ್ಟ್ ಮೂರನೇ ವಾರ ತೆರೆದಿರುತ್ತದೆಯೇ ಎಂದು ಮಗನಿಗೆ ಕೇಳಲು ಹೇಳಿ. ಫ್ರಾನ್ಸಿನಲ್ಲಿ ಆಗಸ್ಟ್ ಎಂದರೆ ರಜೆಯ ತಿಂಗಳು. ಗಂಡ-ಹೆಂಡತಿ ಸೇರಿ ನಡೆಸುವ ಸಣ್ಣ ರೆಸ್ಟೋರೆಂಟ್‌ಗಳು ಎರಡು-ಮೂರು ವಾರ ಬಾಗಿಲು ಹಾಕಿ ಊರಿಗೋ ಸಮುದ್ರಕ್ಕೋ ಹೋಗಿಬಿಡುತ್ತವೆ. ಬಾಗಿಲಿಗೆ ಒಂದು ಚೀಟಿ ಅಂಟಿಸಿರುತ್ತಾರೆ, ಅಷ್ಟೇ. ದಿನಾ ಅದೇ ಬಾಗಿಲ ಮುಂದೆ ಓಡಾಡುವವರಿಗೂ ಆ ಚೀಟಿ ಕಣ್ಣಿಗೆ ಬೀಳದೇ ಹೋಗುವುದುಂಟು. ಭಾನುವಾರ, ಸೋಮವಾರ ಹೇಗೂ ಬಹಳ ಕಡೆ ವಾರದ ರಜೆ. ಹಾಗಾಗಿ ಅಕ್ಕನವರ ಶ್ರಾವಣ ಸೋಮವಾರಕ್ಕೆ ತೊಂದರೆಯಾಗುವ ಸಂಭವ ಕಡಿಮೆ.

ತೆರೆದಿರುತ್ತದೆ ಅಂತಾದರೆ ನಿಮಗೆ ಊಟ ಸಿಗುತ್ತದೆ, ಚೆನ್ನಾಗಿಯೇ ಸಿಗುತ್ತದೆ. ಆದರೆ ಆ ಊಟ ತಯಾರಾಗುವುದು ನೀವು ಕುರ್ಚಿಯಲ್ಲಿ ಕೂತ ಮೇಲಲ್ಲ, ಎರಡು ದಿನ ಮೊದಲು ಮಗ ಮಾಡುವ ಫೋನ್ ಕರೆಯಲ್ಲಿ. ಲಿಯಾನ್‌ನ ಅಡುಗೆಮನೆಗಳಲ್ಲಿ ಕೆಲಸ ಮಾಡಿದವನಾಗಿ ಇದನ್ನು ಒತ್ತಿ ಹೇಳುತ್ತೇನೆ. ಉಳಿದದ್ದೆಲ್ಲ ಇದರ ನಂತರದ ಮಾತು.

ಯಾಕೆ ಅಂತ ತಿಳಿಯಲು ಆ ಅಡುಗೆಮನೆ ಹೇಗಿರುತ್ತದೆ ನೋಡಿ. ಓಣಿಯ ರೆಸ್ಟೋರೆಂಟ್ ಎಂದರೆ ಇಪ್ಪತ್ತು-ಮೂವತ್ತು ಕುರ್ಚಿ. ಒಳಗೆ ಒಬ್ಬರು ಅಥವಾ ಇಬ್ಬರು ಅಡುಗೆಯವರು, ಹೊರಗೆ ಬಡಿಸಲು ಒಬ್ಬರು. ಬಹಳ ಸಲ ಮಾಲೀಕರೇ ಒಲೆ ಮುಂದೆ ಇರುತ್ತಾರೆ. ನಮ್ಮ ಬೆಳಗಾವಿಯ ಹಳೇ ಖಾನಾವಳಿಗಳಂತೆಯೇ, ಬೆಳಿಗ್ಗೆ ಸಂತೆಯಲ್ಲಿ ಏನು ಚೆನ್ನಾಗಿ ಸಿಕ್ಕಿತೋ ಅದರ ಮೇಲೆ ಆ ದಿನದ ಅಡುಗೆ. ಅದನ್ನು ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡುತ್ತಾರೆ. ಮೂರು-ನಾಲ್ಕು ಬಗೆಗಿಂತ ಜಾಸ್ತಿ ಇರುವುದಿಲ್ಲ.

ಆ ಮೂರು-ನಾಲ್ಕು ಬಗೆಯ ಬುನಾದಿಯೆಲ್ಲ ಬೆಳಿಗ್ಗೆಯೇ ಹಾಕಿ ಆಗಿರುತ್ತದೆ. ಎಲುಬು, ಗಜ್ಜರಿ, ಈರುಳ್ಳಿ ಹಾಕಿ ಗಂಟೆಗಟ್ಟಲೆ ಕುದಿಸಿದ ಕಟ್ಟು ಒಂದು ದೊಡ್ಡ ಪಾತ್ರೆಯಲ್ಲಿರುತ್ತದೆ. ಸಾರು, ಸಾಸ್, ಕೆಲವೊಮ್ಮೆ ಅನ್ನ ಬೇಯುವುದೂ ಅದರಲ್ಲೇ. ರಾತ್ರಿ ಎಂಟೂವರೆಗೆ ಎಲ್ಲ ಟೇಬಲ್ ತುಂಬಿದಾಗ ಅಡುಗೆಯವರು ಮಾಡುವುದು ಬಿಸಿ ಮಾಡಿ, ಜೋಡಿಸಿ ಕಳಿಸುವ ಕೆಲಸ. ಆಗ ಹೋಗಿ "ನಾವು ಸಸ್ಯಾಹಾರಿಗಳು" ಅಂದರೆ ಅವರ ಕೈಯಲ್ಲಿ ಉಳಿಯುವುದು ಎರಡೇ: ಒಂದು ಎಲೆಸೊಪ್ಪಿನ ಸಲಾಡ್, ಇಲ್ಲವೇ ಒಂದು ಆಮ್ಲೆಟ್. ಅಕ್ಕನವರಿಗೆ ಆಮ್ಲೆಟ್ ಕೂಡ ಇಲ್ಲ. ಫ್ರಾನ್ಸಿಗೆ ಹೋಗಿ ಬಂದ ನಮ್ಮವರು "ಅಲ್ಲಿ ಬರೀ ಹುಲ್ಲು ತಿಂದು ಬಂದೆವು" ಅನ್ನುವುದರ ಹಿಂದೆ ಹೆಚ್ಚಾಗಿ ಇದೇ ಕಾರಣ.

ಅದೇ ಮಾತನ್ನು ಎರಡು ದಿನ ಮೊದಲು ಹೇಳಿದರೆ ಚಿತ್ರವೇ ಬೇರೆ. ಸಣ್ಣ ಜಾಗದ ಬಲ ಇರುವುದೇ ಇಲ್ಲಿ. ಅಡುಗೆ ಮಾಡುವವರೇ ಫೋನ್ ಎತ್ತುತ್ತಾರೆ. ಸಂತೆಗೆ ಹೋದಾಗ ನಿಮ್ಮ ಲೆಕ್ಕದಲ್ಲಿ ನಾಲ್ಕು ಬದನೆಕಾಯಿ ಜಾಸ್ತಿ ತರುತ್ತಾರೆ, ಒಂದು ಪಾತ್ರೆಯನ್ನು ಬೇರೆಯಾಗಿ ಇಡುತ್ತಾರೆ. ಮಗ ಅಲ್ಲಿ ಪದೇಪದೇ ಹೋಗುವವನಾದರೆ, ಅವನ ತಂದೆ-ತಾಯಿ ಹಿಂದುಸ್ತಾನದಿಂದ ಬರುತ್ತಿದ್ದಾರೆ ಅಂದರೆ, ಒಳ್ಳೆಯ ಅಡುಗೆಯವರಿಗೆ ಅದು ಹುಮ್ಮಸ್ಸಿನ ವಿಷಯ. ನಿಜವಾಗಿ ಹೇಳುತ್ತೇನೆ, ಅವರಿಗೆ ಬೇಸರ ಬರುವುದು ಬೇಡಿಕೆಗಲ್ಲ, ತಡವಾಗಿ ಬಂದ ಬೇಡಿಕೆಗೆ.

ಫೋನ್ ಮಾಡುವ ಹೊತ್ತನ್ನೂ ನೋಡಿಕೊಳ್ಳಬೇಕು. ಮಧ್ಯಾಹ್ನ 12ರಿಂದ 2, ರಾತ್ರಿ 7ರ ನಂತರ ಬೇಡ. ಬೆಳಿಗ್ಗೆ ಹತ್ತು-ಹನ್ನೊಂದಕ್ಕೆ ಅಥವಾ ಸಂಜೆ ಐದೂವರೆ ಸುಮಾರಿಗೆ ಮಾಡಿದರೆ ಬಿಡುವಾಗಿ ಮಾತಾಡುತ್ತಾರೆ. ಇನ್ನೂ ಒಳ್ಳೆಯದು, ಮಗ ಮಧ್ಯಾಹ್ನ ಎರಡೂವರೆಗೆ ಸುಮ್ನೆ ಹೋಗಿ ಬಾಗಿಲಲ್ಲಿ ನಿಂತು ಮಾತಾಡಿ ಬರಲಿ.

"ಸಸ್ಯಾಹಾರಿ" ಅಂತ ಒಂದೇ ಮಾತು ಹೇಳಿ ಬಿಡಬಾರದು. ಮಾಂಸ ತಿನ್ನದವರೂ ಮೀನು ತಿನ್ನುತ್ತಾರೆ ಅಂದುಕೊಳ್ಳುವವರು ಅಲ್ಲಿ ಇನ್ನೂ ಇದ್ದಾರೆ. ತತ್ತಿಯಂತೂ ಅವರ ಲೆಕ್ಕದಲ್ಲಿ ಸಸ್ಯಾಹಾರವೇ. ಹಂದಿಮಾಂಸದ ಸಣ್ಣ ಸಣ್ಣ ತುಣುಕು, ಅವರು ಲಾರ್ದೋಂ ಅನ್ನುತ್ತಾರೆ, ರುಚಿಗೆ ಅಂತ ಎಲ್ಲೆಲ್ಲೋ ಬೀಳುತ್ತದೆ. ಹಾಗಾಗಿ ಬಿಡಿಸಿ ಹೇಳಬೇಕು: ಮಾಂಸ ಬೇಡ, ಮೀನು ಬೇಡ, ಲಾರ್ದೋಂ ಬೇಡ, ಎಲುಬಿನ ಕಟ್ಟು ಬೇಡ, ಬಾತುಕೋಳಿ ಕೊಬ್ಬಿನಲ್ಲಿ ಕರಿದದ್ದು ಬೇಡ, ಪ್ರಾಣಿಗಳ ಎಲುಬು-ಚರ್ಮದಿಂದ ಮಾಡುವ ಜೆಲಟಿನ್ ಬೇಡ. ಒಬ್ಬರಿಗೆ ತತ್ತಿಯೂ ಬೇಡ. ಇದರ ಜೊತೆಗೇ ಏನು ನಡೆಯುತ್ತದೆ ಅಂತಲೂ ಹೇಳಬೇಕು: ಹಾಲು, ಬೆಣ್ಣೆ, ಕೆನೆ, ಬೇಳೆಕಾಳು, ಅಣಬೆ, ಎಲ್ಲ ತರಕಾರಿ. ಬೇಡದ್ದರ ಪಟ್ಟಿ ಮಾತ್ರ ಕೇಳಿದ ಅಡುಗೆಯವರು ಕಂಗಾಲಾಗುತ್ತಾರೆ. ಬೆಣ್ಣೆ, ಕೆನೆ ನಡೆಯುತ್ತದೆ ಅಂದ ತಕ್ಷಣ ಫ್ರೆಂಚ್ ಅಡುಗೆಯವರ ಅರ್ಧ ಚಿಂತೆ ಕಳೆಯುತ್ತದೆ.

ಚೀಸ್ ವಿಷಯ ಅಕ್ಕನವರೇ ಮೊದಲು ತೀರ್ಮಾನ ಮಾಡಬೇಕು. ಕೊಂತೆ, ರೋಕ್‌ಫೋರ್‌ನಂಥ ಹೆಸರಾಂತ ಫ್ರೆಂಚ್ ಚೀಸ್‌ಗಳಿಗೆ ಹಾಲು ಒಡೆಯಲು ಹಾಕುವುದು ಎಳೆಗರು ಅಥವಾ ಕುರಿಮರಿಯ ಹೊಟ್ಟೆಯಿಂದ ತೆಗೆದ ರೆನೆಟ್. ಸಾಂಪ್ರದಾಯಿಕ ಚೀಸ್‌ಗಳಲ್ಲಿ ಇದೇ ರೂಢಿ. ಇದು ತಿಳಿದ ಮೇಲೂ ತಿನ್ನುವವರಿದ್ದಾರೆ, ಬಿಡುವವರಿದ್ದಾರೆ. ಅದು ಅವರವರ ಮನಸ್ಸು. ಊಟದ ಟೇಬಲ್ ಮೇಲೆ ಗೊತ್ತಾಗಿ ಮನಸ್ಸು ಕೆಡಬಾರದು ಅಂತ ಈಗಲೇ ಹೇಳುತ್ತಿದ್ದೇನೆ.

ತತ್ತಿ ಎಲ್ಲೆಲ್ಲಿ ಅಡಗಿರುತ್ತದೆ ಅನ್ನುವುದು ಇನ್ನೂ ದೊಡ್ಡ ವಿಷಯ. ಕೀಶ್, ಸೂಫ್ಲೆ, ಮೇಯನೇಸ್‌ನಲ್ಲಿ ಇರುವುದು ಬಹಳ ಜನಕ್ಕೆ ಗೊತ್ತು. ಕ್ರೆಮ್ ಬ್ರ್ಯೂಲೆ ಅಂದರೆ ಹಳದಿ ಲೋಳೆ ಮತ್ತು ಕೆನೆ. ಚಾಕೊಲೇಟ್ ಮೂಸ್‌ಗೆ ಹಸಿ ತತ್ತಿಯನ್ನೇ ಕಡೆದು ಹಾಕುತ್ತಾರೆ. ವೆನಿಲಾ ಐಸ್‌ಕ್ರೀಮ್‌ಗೂ ಸಾಮಾನ್ಯವಾಗಿ ಹಳದಿ ಲೋಳೆ ಬೀಳುತ್ತದೆ. ಕಾಣದೇ ಹೋಗುವುದು ಪೇಸ್ಟ್ರಿಯ ಮೇಲಿನ ಹೊಂಬಣ್ಣದ ಹೊಳಪು. ಒಳಗೆ ಬರೀ ತರಕಾರಿ ಇದ್ದರೂ, ಓವನ್‌ಗೆ ಇಡುವ ಮುಂಚೆ ಮೇಲೆ ತತ್ತಿ ಬಳಿಯುತ್ತಾರೆ.

ಇದಕ್ಕೊಂದು ಗಟ್ಟಿ ಉಪಾಯ ಇದೆ. 2014ರ ಡಿಸೆಂಬರ್‌ನಿಂದ ಯುರೋಪಿಯನ್ ಒಕ್ಕೂಟದ ನಿಯಮದ ಪ್ರಕಾರ, ಅಲರ್ಜಿ ತರುವ 14 ಪದಾರ್ಥಗಳಲ್ಲಿ ಯಾವುದು ಯಾವ ತಿನಿಸಿನಲ್ಲಿದೆ ಅಂತ ರೆಸ್ಟೋರೆಂಟ್‌ನವರು ತಿಳಿಸಲೇಬೇಕು. ಫ್ರಾನ್ಸಿನಲ್ಲಿ ಅದು ಬರಹದಲ್ಲೇ ಇರಬೇಕು. ತತ್ತಿ ಮತ್ತು ಮೀನು ಎರಡೂ ಆ 14ರಲ್ಲಿವೆ. ಆ ಹಾಳೆ ಕೊಡಿ ಅಂತ ಕೇಳುವುದರಲ್ಲಿ ಏನೂ ಮುಜುಗರವಿಲ್ಲ. ಮಾಂಸ ಆ ಪಟ್ಟಿಯಲ್ಲಿಲ್ಲ, ಅದನ್ನು ಬಾಯಿಬಿಟ್ಟೇ ಕೇಳಬೇಕು.

ಇನ್ನು ಏನು ತಿನ್ನಬಹುದು ಅನ್ನುವುದಕ್ಕೆ ಬರೋಣ. ಆಗಸ್ಟ್‌ನಲ್ಲಿ ಹೋಗುತ್ತಿರುವುದು ನಿಮ್ಮ ಅದೃಷ್ಟ. ಟೊಮೆಟೊ, ಬದನೆ, ದೊಣ್ಣೆಮೆಣಸು, ಕುರ್ಜೆಟ್ ಎಂಬ ಎಳೆ ಸೋರೆಯಂಥ ಕಾಯಿ, ಎಲ್ಲದಕ್ಕೂ ಅದೇ ಸುಗ್ಗಿ. ಈ ನಾಲ್ಕನ್ನೂ ಆಲಿವ್ ಎಣ್ಣೆಯಲ್ಲಿ ಬೇರೆ ಬೇರೆ ಬಾಡಿಸಿ, ಬೆಳ್ಳುಳ್ಳಿ, ಈರುಳ್ಳಿ ಜೊತೆ ಸಣ್ಣ ಉರಿಯಲ್ಲಿ ಕೂಡಿಸಿದರೆ ರಾತಾತುಯ್. ದಕ್ಷಿಣದ ಪ್ರೊವಾನ್ಸ್ ಕಡೆಯ ಅಡುಗೆ. ಬದನೆಕಾಯಿ ಎಣ್ಣೆಗಾಯಿ ತಿಂದು ಬೆಳೆದ ನಿಮಗೆ ಮೊದಲ ತುತ್ತಿನಲ್ಲಿ ಖಾರ ಇಲ್ಲ ಅನಿಸಬಹುದು. ಎರಡನೇ ತುತ್ತಿಗೆ ಬದನೆಯ ರುಚಿಯೇ ಮುಂದೆ ಬರುತ್ತದೆ. ದಯವಿಟ್ಟು ಆ ಎರಡನೇ ತುತ್ತಿಗೆ ಅವಕಾಶ ಕೊಡಿ.

ಜೊತೆಗೆ ಗ್ರಾತಾಂ ದೋಫಿನ್ವಾ ಕೇಳಿ. ಲಿಯಾನ್‌ನ ಪಕ್ಕದ ದೋಫಿನೆ ಪ್ರಾಂತದ್ದು. ತೆಳ್ಳಗೆ ಹೆಚ್ಚಿದ ಆಲೂಗಡ್ಡೆಯನ್ನು ಹಾಲು, ಕೆನೆ, ಬೆಳ್ಳುಳ್ಳಿಯಲ್ಲಿ ನಿಧಾನ ಬೇಯಿಸುತ್ತಾರೆ. ಹಳೇ ಕ್ರಮದಲ್ಲಿ ಚೀಸೂ ಇಲ್ಲ, ತತ್ತಿಯೂ ಇಲ್ಲ. ಕೆಲವರು ಈಗ ಎರಡನ್ನೂ ಸೇರಿಸುತ್ತಾರೆ, ಫೋನಿನಲ್ಲೇ ಕೇಳಿಕೊಳ್ಳಲಿ. ಮೊದಲ ಸುತ್ತಿಗೆ ಲ ಪ್ಯುಯಿ ಊರಿನ ಹಸಿರು ಚೆನ್ನಂಗಿಯ ಸಲಾಡ್ ಚೆನ್ನ. ಅದು ಬೆಂದರೂ ಒಡೆಯುವುದಿಲ್ಲ, ಸಾಸಿವೆ-ವಿನೆಗರ್-ಎಣ್ಣೆಯ ಒಗ್ಗರಣೆಯಿಲ್ಲದ ಕಲಸು ಹಾಕುತ್ತಾರೆ. ಟೊಮೆಟೊ ಸಲಾಡ್ ಕೂಡ ಆ ತಿಂಗಳು ಬಲು ರುಚಿ. ಕೊನೆಗೆ ಸಿಹಿಗೆ ಪೀಚ್ ಹಣ್ಣು, ಇಲ್ಲವೇ ಹಣ್ಣಿನ ರಸ ಹೆಪ್ಪುಗಟ್ಟಿಸಿ ಮಾಡುವ ಸೊರ್ಬೆ. ಸೊರ್ಬೆಗೆ ಒಮ್ಮೊಮ್ಮೆ ಬಿಳಿ ಲೋಳೆ ಹಾಕುವುದುಂಟು, ಕೇಳಿ ತಿನ್ನಲಿ. ಬ್ರೆಡ್ಡಿನ ಚಿಂತೆ ಬೇಡ. ಬಾಗೆಟ್ ಎಂಬ ಉದ್ದ ಬ್ರೆಡ್ಡಿನಲ್ಲಿ ಗೋಧಿಹಿಟ್ಟು, ನೀರು, ಉಪ್ಪು, ಈಸ್ಟ್ ಅಷ್ಟೇ. ಬ್ರಿಯೋಶ್ ಎಂಬ ಮೆತ್ತನೆಯ ಬ್ರೆಡ್ ಮಾತ್ರ ಅಕ್ಕನವರು ಮುಟ್ಟುವುದು ಬೇಡ, ಅದರಲ್ಲಿ ತತ್ತಿ ಇದೆ.

ನಿಮಗೊಂದು ವಿಶೇಷ. ಮಗ ಇರುವ ಕ್ರುವಾ-ರೂಸ್ ಗುಡ್ಡ ಹಿಂದೆ ರೇಷ್ಮೆ ನೇಕಾರರ ಕೇರಿ. ಎತ್ತರದ ಮಗ್ಗ ಹಿಡಿಸಲೆಂದೇ ಅಲ್ಲಿನ ಹಳೇ ಮನೆಗಳ ಮಾಳಿಗೆ ಅಷ್ಟು ಎತ್ತರ. ಮಗ್ಗದ ಸದ್ದು ಕೇಳುತ್ತಾ ವಡಗಾಂವಿಯಲ್ಲಿ ಬೆಳೆದ ನೀವು ಆ ಓಣಿಗಳಲ್ಲಿ ಒಂದು ಸಂಜೆ ನಡೆದಾಡಲೇಬೇಕು. ಆ ನೇಕಾರರ ಹೆಸರಿನ ತಿನಿಸೊಂದಿದೆ: ಸೆರ್ವೆಲ್ ದ ಕಾನ್ಯೂ. ಮೊಬೈಲ್‌ನಲ್ಲಿ ಅನುವಾದ ನೋಡಿದರೆ "ನೇಕಾರನ ಮಿದುಳು" ಅಂತ ಬಂದು ಗಾಬರಿಯಾಗುತ್ತದೆ. ಅದರಲ್ಲಿ ಇರುವುದು ನೀರು ಬಸಿದ ಗಟ್ಟಿ ಮೊಸರಿನ ಜಾತಿಯ ಬಿಳಿ ಚೀಸ್, ಸಣ್ಣ ಈರುಳ್ಳಿ, ಬೆಳ್ಳುಳ್ಳಿ, ಹಸಿ ಸೊಪ್ಪು, ಎಣ್ಣೆ, ವಿನೆಗರ್. ನೀವು ಖಂಡಿತ ತಿನ್ನಿ. ಅಕ್ಕನವರು ರೆನೆಟ್ ಬಿಡುವುದಾದರೆ ಇದನ್ನೂ ಬಿಡಲಿ.

ಇದರ ವಿರುದ್ಧದ ಮೋಸವೂ ಇದೆ. ಗಾತೋ ಅಂದರೆ ಕೇಕ್ ಅಂತ ನಾವೆಲ್ಲ ಕಲಿತಿರುತ್ತೇವೆ. ಲಿಯಾನ್‌ನಲ್ಲಿ ಗಾತೋ ದ ಫುವಾ ಅಂದರೆ ಕೋಳಿಯ ಯಕೃತ್ತಿನ ತಿನಿಸು. ಕೆನೆಲ್ ನೋಡಲು ಹಿಟ್ಟಿನ ಕಡುಬಿನ ಹಾಗೆ ಕಂಡರೂ ಒಳಗೆ ನದಿಯ ಮೀನು, ತತ್ತಿ. ಈರುಳ್ಳಿ ಸೂಪ್ ಹೆಚ್ಚಾಗಿ ದನದ ಎಲುಬಿನ ಕಟ್ಟಿನಲ್ಲಿ ಆಗುತ್ತದೆ. ಲಿಯಾನ್ ಸಲಾಡ್ ಅಂದರೆ ಸೊಪ್ಪಿನ ಮೇಲೆ ಲಾರ್ದೋಂ ಮತ್ತು ತತ್ತಿ. ಆಲಿವ್ ಚಟ್ನಿಯಂಥ ತಾಪೆನಾಡ್‌ನಲ್ಲಿ ಸಾಮಾನ್ಯವಾಗಿ ಆಂಚೊವಿ ಮೀನಿರುತ್ತದೆ.

ಇದೇ ಕಾರಣಕ್ಕೆ ಒಂದು ಮಾತು ಖಡಕ್ಕಾಗಿ ಹೇಳುತ್ತೇನೆ. ಮಗನ ಮನಸ್ಸಿನಲ್ಲಿರುವುದು ಬುಶೋಂ ಆಗಿದ್ದರೆ ಬೇರೆ ಜಾಗ ಹುಡುಕಲಿ. ಬುಶೋಂ ಎಂದರೆ ಲಿಯಾನ್‌ನದೇ ಆದ ಹಳೇ ನಮೂನೆಯ ಊಟದ ಮನೆ. ಅಲ್ಲಿನ ಹೆಮ್ಮೆಯೇ ಹಂದಿ, ದನದ ಕರುಳು, ಜಠರದ ಅಡುಗೆ. ಅಂಥ ಅಡುಗೆಮನೆಯನ್ನು ನಿಮಗಾಗಿ ಬದಲಿಸು ಅನ್ನುವುದು ಅವರಿಗೂ ಕಷ್ಟ, ನಿಮಗೂ ಹಿತವಲ್ಲ. ಅದು ಬರೀ ಬಿಸ್ತ್ರೋ, ಅಂದರೆ ಸಣ್ಣ ಸಾದಾ ಊಟದ ಮನೆ ಆಗಿದ್ದರೆ ಏನೂ ಅಡ್ಡಿಯಿಲ್ಲ. ಸಣ್ಣದು ಅಂತ ಹಗುರ ಮಾಡಬೇಡಿ. ಲಿಯಾನ್‌ನ ಅಡುಗೆಗೆ ಹೆಸರು ತಂದವರಲ್ಲಿ ದೊಡ್ಡ ಪಾಲು ಇಂಥ ಸಣ್ಣ ಜಾಗ ನಡೆಸಿದ ಹೆಣ್ಣುಮಕ್ಕಳದು. ಶ್ರೀಮಂತರ ಮನೆಯಲ್ಲಿ ಅಡುಗೆ ಮಾಡಿಕೊಂಡಿದ್ದ ಅನೇಕರು ಹೊರಬಂದು ಸ್ವಂತ ಊಟದ ಮನೆ ತೆರೆದರು. ಅವರಲ್ಲೊಬ್ಬರಾದ ಯೂಜೆನಿ ಬ್ರಾಜಿಯೇ 1933ರಲ್ಲಿ ತಮ್ಮ ಎರಡೂ ರೆಸ್ಟೋರೆಂಟ್‌ಗೆ ರೆಸ್ಟೋರೆಂಟ್‌ಗಳಿಗೆ ದರ್ಜೆ ಕೊಡುವ ಮಿಶೆಲಿನ್ ಕೈಪಿಡಿಯ ಮೂರು ಮೂರು ನಕ್ಷತ್ರ ಪಡೆದರು. ಮುಂದೆ ಜಗತ್ತಿಗೇ ಹೆಸರಾದ ಪೋಲ್ ಬೊಕ್ಯೂಸ್ ಎಳೆ ವಯಸ್ಸಿನಲ್ಲಿ ದುಡಿದದ್ದು ಆಕೆಯ ಅಡುಗೆಮನೆಯಲ್ಲೇ.

ರೊಟ್ಟಿ ಡಬ್ಬಿ ರೆಸ್ಟೋರೆಂಟ್‌ಗೆ ಬೇಡ. ಹೊರಗಿನ ತಿನಿಸು ಟೇಬಲ್ ಮೇಲೆ ಬಿಚ್ಚಿದರೆ ಅಡುಗೆ ಮಾಡಿದವರಿಗೆ ನೋವಾಗುತ್ತದೆ. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಮಗನ ಮನೆಯಲ್ಲಿರಲಿ, ಅಲ್ಲಿ ಅವುಗಳಿಗೆ ಹೇಗೂ ಬೆಲೆ ಜಾಸ್ತಿ. ಕುಂದಾ ಮಾತ್ರ ಬೆಳಗಾವಿಯಿಂದ ಒಯ್ಯಬೇಡಿ. ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಬರುವ ಪ್ರಯಾಣಿಕರು ಹಾಲಿನ ಪದಾರ್ಥ, ಮಾಂಸದ ಪದಾರ್ಥ ತರುವಂತಿಲ್ಲ. ಕುಂದಾ ಇಡಿಯಾಗಿ ಹಾಲಿನದೇ. ವಿಮಾನ ನಿಲ್ದಾಣದಲ್ಲಿ ಕಿತ್ತುಕೊಂಡು ಎಸೆದರೆ ಹೊಟ್ಟೆ ಉರಿಯುತ್ತದೆ, ತುಪ್ಪದ ಡಬ್ಬಿಗೂ ಇದೇ ಗತಿ. ಅಕ್ಕನವರು ಮಗನ ಮನೆಯಲ್ಲೇ ಕುಂದಾ ಮಾಡಲಿ. ಅಂಗಡಿಯಲ್ಲಿ ಕೆಂಪು ಮುಚ್ಚಳದ ಹಾಲಿನ ಬಾಟಲಿ ತಗೊಳ್ಳಿ, ಅದು ಪೂರ್ತಿ ಕೆನೆಯದ್ದು. ನೀಲಿಯದ್ದು ಅರ್ಧ ಕೆನೆ ತೆಗೆದದ್ದು, ಕುಂದಾಕ್ಕೆ ಸಾಲದು. ಒಂದು ಸಣ್ಣ ಡಬ್ಬಿಯಲ್ಲಿ ಹಾಕಿ, ಊಟ ಮುಗಿದು ಹೊರಡುವಾಗ ಅಡುಗೆಯವರ ಕೈಗೆ ಕೊಡಿ. ಹಾಲು, ಸಕ್ಕರೆ ಬಿಟ್ಟರೆ ಏನಿದೆ ಅಂತ ಹೇಳಿ ಕೊಡಿ. ಅವರಿಗೂ ಅಲರ್ಜಿ ಇರಬಹುದಲ್ವಾ.

ಹೊತ್ತಿನ ಬಗ್ಗೆ ನನ್ನ ಸಲಹೆ: ರಾತ್ರಿಯ ಬದಲು ಮಧ್ಯಾಹ್ನ ಹೋಗಿ. ಆಗಸ್ಟ್‌ನಲ್ಲಿ ಫ್ರಾನ್ಸ್ ನಮಗಿಂತ ಮೂರೂವರೆ ಗಂಟೆ ಹಿಂದೆ. ಅಲ್ಲಿ ರಾತ್ರಿ ಎಂಟಕ್ಕೆ ಊಟಕ್ಕೆ ಕೂತರೆ ಬೆಳಗಾವಿಯಲ್ಲಿ ಹನ್ನೊಂದೂವರೆ. ಊಟ ಎರಡು ಗಂಟೆಯಾದರೂ ನಡೆಯುತ್ತದೆ. ಬಂದ ಹೊಸತರಲ್ಲಿ ನಿಮಗೆ ಸಿಹಿ ಬರುವ ಹೊತ್ತಿಗೆ ಕಣ್ಣು ಎಳೆಯುತ್ತಿರುತ್ತದೆ. ಮಗನ ಆಸೆ ರಾತ್ರಿಯೇ ಆದರೆ, ಅಲ್ಲಿಗೆ ಹೋಗಿ ಒಂದು ವಾರ ಕಳೆದ ಮೇಲೆ ಇಟ್ಟುಕೊಳ್ಳಿ.

ಮಧ್ಯಾಹ್ನ ದುಡ್ಡೂ ಕಡಿಮೆ. ಒಂದೇ ಬೆಲೆಗೆ ಎರಡು ಅಥವಾ ಮೂರು ಸುತ್ತಿನ ಊಟಕ್ಕೆ ಫೊರ್ಮ್ಯೂಲ್ ಅಥವಾ ಮೆನ್ಯು ಅನ್ನುತ್ತಾರೆ. ಇಂಥ ಜಾಗದಲ್ಲಿ ಮಧ್ಯಾಹ್ನ ಒಬ್ಬರಿಗೆ ಸುಮಾರು 18ರಿಂದ 25 ಯೂರೋ, ರಾತ್ರಿ 30ರಿಂದ 45 ಬರಬಹುದು. ಯೂರೋಗೆ 100 ರೂಪಾಯಿ ಅಂತ ಹಿಡಿದರೆ ನಾಲ್ವರ ರಾತ್ರಿ ಊಟ 12ರಿಂದ 18 ಸಾವಿರದ ಆಸುಪಾಸು. ಬೆಲೆಪಟ್ಟಿ ಬಾಗಿಲ ಹೊರಗೇ ಹಾಕಿರಬೇಕೆಂಬ ಕಾನೂನಿದೆ, ಮೊದಲೇ ನೋಡಿಕೊಳ್ಳಬಹುದು. ಟೇಬಲ್ ಮೇಲೆ ಕೂತು ಪ್ರತಿ ತಟ್ಟೆಯನ್ನೂ ರೂಪಾಯಿಗೆ ಗುಣಿಸಬೇಡಿ. ಮಗನಿಗೆ ಅದು ಕಾಣುತ್ತದೆ.

ನಡವಳಿಕೆಯಲ್ಲಿ ಬಹಳ ಮುಖ್ಯವಾದದ್ದು ಒಂದೇ. ಒಳಗೆ ಕಾಲಿಟ್ಟ ಕೂಡಲೇ "ಬೊಂಜೂರ್" ಅನ್ನಿ, ಸಂಜೆಯಾದರೆ "ಬೊಂಸ್ವಾರ್". ಇದನ್ನು ಬಿಟ್ಟು ನೇರ ಬೇಕಾದದ್ದು ಕೇಳಿದರೆ ಅವರಿಗೆ ತುಂಬಾ ಒರಟು ಅನಿಸುತ್ತದೆ. ಫ್ರೆಂಚರು ಮುಖ ಗಂಟಿಕ್ಕುತ್ತಾರೆ ಅನ್ನುವ ದೂರುಗಳಲ್ಲಿ ಎಷ್ಟೋ ಇಲ್ಲಿಂದಲೇ ಹುಟ್ಟಿವೆ. ಖಾಲಿ ಇದೆ ಅಂತ ಹೋಗಿ ಕೂರಬೇಡಿ, ತೋರಿಸಿದ ಕಡೆ ಕೂತುಕೊಳ್ಳಿ. ಚಮಚ-ಫೋರ್ಕಿನ ಬಗ್ಗೆ ತಲೆಕೆಡಿಸಿಕೊಳ್ಳಬೇಡಿ. ಬ್ರೆಡ್ಡನ್ನು ಕೈಯಿಂದಲೇ ಮುರಿದು ತಿನ್ನುತ್ತಾರೆ, ತಟ್ಟೆಯ ಪಕ್ಕ ಟೇಬಲ್ ಮೇಲೇ ಇಟ್ಟುಕೊಳ್ಳುತ್ತಾರೆ. ವೈನ್ ಬೇಡ ಅಂದರೆ ಯಾರೂ ಒತ್ತಾಯ ಮಾಡುವುದಿಲ್ಲ. ನೀರು ಬೇಕಾದಾಗ "ಯುನ್ ಕರಾಫ್ ದೋ" ಅಂದರೆ ಹೂಜಿಯಲ್ಲಿ ನಲ್ಲಿ ನೀರು ಕೊಡುತ್ತಾರೆ. ಅದು ಕುಡಿಯಲು ಯೋಗ್ಯ, ಪುಕ್ಕಟೆ. ಹಾಗೆ ಕೇಳಬಹುದು ಅಂತ 2022ರಿಂದ ಅವರೇ ಬರೆದು ತಿಳಿಸಬೇಕಾಗಿದೆ. ಬರೀ "ನೀರು" ಅಂದರೆ ಬಾಟಲಿ ಬಂದು ಬಿಲ್ಲಿಗೆ ಸೇರುತ್ತದೆ.

ಊಟ ಮುಗಿದರೂ ಬಿಲ್ ತಾನಾಗಿ ಬರುವುದಿಲ್ಲ. ಕೇಳದೆ ತಂದಿಟ್ಟರೆ ಎದ್ದು ಹೋಗಿ ಅಂದ ಹಾಗೆ ಅಂತ ಅವರ ಭಾವನೆ. ಬೇಕಾದಾಗ ಕಣ್ಣಿಗೆ ಕಣ್ಣು ಸಿಕ್ಕಿಸಿ "ಲಾದಿಸ್ಯೋಂ, ಸಿಲ್ ವೂ ಪ್ಲೇ" ಅನ್ನಿ. ತೆರಿಗೆ, ಸೇವೆಯ ದುಡ್ಡು ಎರಡೂ ಬೆಲೆಯಲ್ಲೇ ಸೇರಿರುತ್ತದೆ. ಟಿಪ್ಸ್ ಕೊಡಲೇಬೇಕೆಂದಿಲ್ಲ. ನಿಮಗಾಗಿ ಬೇರೆ ಅಡುಗೆ ಮಾಡಿಕೊಟ್ಟಿರುತ್ತಾರಲ್ಲ, ನಾಲ್ಕೈದು ಯೂರೋ ಇಟ್ಟು ಬಂದರೆ ಸಂತೋಷಪಡುತ್ತಾರೆ. ತಟ್ಟೆಯಲ್ಲಿ ಉಳಿದರೆ ಕಟ್ಟಿಕೊಡಿ ಅಂತ ಕೇಳಲು ಸಂಕೋಚ ಬೇಡ. ಗಿರಾಕಿ ಕೇಳಿದರೆ ಡಬ್ಬಿ ಕೊಡಲೇಬೇಕು ಅಂತ 2021ರ ಜುಲೈಯಿಂದ ಅಲ್ಲಿ ಕಾನೂನೇ ಇದೆ.